ಬೋರಿವಾಡಿ ಗಢಿಯ ಹೊರಗಿನ ಕೋಣೆ

ಮಾಘ ಶುದ್ಧ ತದಿಗೆ, ಫಸಲಿ ೧೩೩೧. ಭಾಲ್ಕಿ

ಗುಂಡಮ್ಮ ಹಡೆದಿದ್ದಾಳೆ. ಗಂಡು. ಸುದ್ದಿ ತಂದದ್ದು ಸಂತಪುರದ ಕಡೆ ಹೋಗಿದ್ದ ಎಣ್ಣೆ ವ್ಯಾಪಾರಿ. ಅವಳ ಅತ್ತೆಮನೆಯ ಗಢಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ತಾಯಿಯಿಲ್ಲದ ತಂಗಿ, ನಾನೇ ತಲೆ ಬಾಚಿ ದೊಡ್ಡವಳನ್ನಾಗಿ ಮಾಡಿದವಳು. ಅವಳ ಹೆರಿಗೆಯ ಸುದ್ದಿ ನನಗೆ ಎಣ್ಣೆ ಡಬ್ಬಿಯ ಜೊತೆಗೆ ಬರಬೇಕೇ?

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕರೆತರಲು ಬಂಡಿ ಕಳಿಸಿದ್ದೆ. ಅವಳ ಅತ್ತೆ ಈರಮ್ಮನವರು ಬಂಡಿಯನ್ನು ಖಾಲಿ ತಿರುಗಿಸಿದರು. ದೇಶಮುಖರ ವಾರಸು ಗಢಿಯ ಗೋಡೆಯೊಳಗೇ ಹುಟ್ಟಬೇಕಂತೆ. ಅವಳ ಗಂಡ ಮನ್ಮಥಪ್ಪನ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಅದು ಗೊತ್ತಿದ್ದೇ ಕೊಟ್ಟೆವು. ಗಢಿಯ ಸಂಬಂಧ ಎಂದು ಅಪ್ಪ ಹಿಗ್ಗಿದರು, ಹಿಗ್ಗಿದ ಆರು ತಿಂಗಳಿಗೆ ಹೋಗಿಯೇಬಿಟ್ಟರು.

ನಾಳೆ ಹೊರಡುತ್ತೇನೆ. ನಮ್ಮವರು ಅಂಗಡಿಯಿಂದ ಕೂಸಿಗೆ ಮೆತ್ತನೆಯ ಬಟ್ಟೆ ಕತ್ತರಿಸಿ ಕೊಟ್ಟು, "ನೋಡಾಕ ಹೊಂಟೀದಿ, ಜಗಳಕ್ಕಲ್ಲ. ನೆಪ್ಪಿರ್ಲಿ" ಎಂದರು. ಬಾಯಿಗೆ ಬಂದದ್ದನ್ನು ಬರೆದಿಟ್ಟರೆ ಆಡುವುದು ತಪ್ಪುತ್ತದೆ ಎಂದು ಈ ಬರೆಯುವ ಅಭ್ಯಾಸ ಹಚ್ಚಿದವರೂ ಅವರೇ. ನಾನು ಎರಡನ್ನೂ ಮಾಡುತ್ತೇನೆಂಬುದು ಅವರಿಗಿನ್ನೂ ತಿಳಿದಿಲ್ಲ.

ಮಾಘ ಶುದ್ಧ ಪಂಚಮಿ. ಬೋರಿವಾಡಿ ಗಢಿ

ಗಢಿ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ಸಂತಪುರ ದಾಟಿ ಜೋಳದ ಹೊಲಗಳ ನಡುವೆ ಬಂಡಿ ಏರು ಹತ್ತಿದ ಕೂಡಲೇ ನಾಲ್ಕು ಬುರುಜುಗಳು ಕಂಡವು. ಕೆಳಗೆ ಕರಿಕಲ್ಲು, ಮೇಲೆ ಬಿಳಿಮಣ್ಣು. ಬಾಗಿಲು ಆನೆ ನುಗ್ಗುವಷ್ಟು ಎತ್ತರ, ಮೈತುಂಬ ಕಬ್ಬಿಣದ ಮೊಳೆ. ನಮ್ಮ ಬಂಡಿಯ ಮಚ್ಛೇಂದ್ರ ಬಾಯಿ ತೆರೆದುಕೊಂಡು ನೋಡಿ, "ಈ ಬಾಗಲಾ ಮುಚ್ಚಾಕ ಎಷ್ಟ ಮಂದಿ ಬೇಕ್ರಿ ಖಾನಸಾಬ್ರ" ಎಂದು ಕಾವಲಿನ ನಿಜಾಮೋದ್ದೀನನನ್ನು ಕೇಳಿದ. ಅವನು ಬಿಳಿ ಮೀಸೆಯೊಳಗೇ ನಕ್ಕು, "ನಮ್ಮ ಅಬ್ಬಾನ ಕಾಲದಾಗ ಮುಚ್ಚಿದ್ರಂತಪ್ಪ" ಎಂದ.

ಒಳಗೆ ಒಂದು ಚೌಕ, ಅದರಾಚೆ ಇನ್ನೊಂದು ಚೌಕ. ಸಾಗವಾನಿ ಕಂಬಗಳಿಗೆ ದ್ರಾಕ್ಷಿ ಗೊಂಚಲು, ಗಿಳಿ ಕೆತ್ತಿದ್ದಾರೆ. ದೊಡ್ಡ ದಾಲಾನದಲ್ಲಿ ರಾಜ್ಯವಾಳುವ ಹುಜೂರರ ಪಟ, ಅದಕ್ಕೆ ಜರಿಯ ಹಾರ. ಗಾಜಿನ ದೀಪದ ಝುಂಬರಕ್ಕೆ ಧೂಳು ಕೂರಬಾರದೆಂದು ಬಟ್ಟೆ ಸುತ್ತಿ ನೇತುಹಾಕಿದ್ದಾರೆ, ಹೀಗಾಗಿ ಅದು ಝುಂಬರವೋ ಜೋಳದ ಗಂಟೋ ತಿಳಿಯುವುದಿಲ್ಲ. ಗೋಡೆಯುದ್ದದ ಕನ್ನಡಿಯಲ್ಲಿ ನನ್ನನ್ನು ನಾನು ಮೊದಲ ಸಲ ತಲೆಯಿಂದ ಪಾದದವರೆಗೆ ನೋಡಿಕೊಂಡೆ. ಇಷ್ಟು ಗಿಡ್ಡಗಿದ್ದೇನೆಂದು ಯಾರೂ ಹೇಳಿರಲಿಲ್ಲ.

ಈರಮ್ಮನವರು ಎತ್ತರದ ಹೆಂಗಸು, ಕೆಂಪು ಮೈಬಣ್ಣ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯೊಳಗೆ ಲಿಂಗ. ಅವರೂ ನಮ್ಮಂತೆ ಲಿಂಗ ಕಟ್ಟಿದವರೇ. ಆದರೆ ಅವರ ಮಾವನ ಕಾಲಕ್ಕೆ ದೇಶಮುಖಿ ದೊಡ್ಡದಾಯಿತು. ಬೀದರಿನ ಕಚೇರಿಯ ದೊಡ್ಡವರ ಬಳಕೆಯಾಯಿತು, ಅದರ ಬೆನ್ನಿಗೇ ಮಡಿ, ಮೈಲಿಗೆ, ಅಡುಗೆಗೊಬ್ಬ ಭಟ್ಟ, ಎಲ್ಲವೂ ಒಳಗೆ ಬಂದವು. ಬಸವಣ್ಣನವರ ಪಟವೊಂದು ಹೊರಗಿನ ಕೋಣೆಯಲ್ಲಿ ಉಳಿದಿದೆ.

"ಗುಂಡಮ್ಮ ಎಲ್ಲದಾಳ್ರಿ?" ಎಂದೆ.

"ಹೊರಗಿನ ಖೋಲ್ಯಾಗ ಅದಾಳ. ಸವಾ ತಿಂಗಳ ಆಗ್ಲಿ, ನೋಡೀರಂತ."

"ಒಂದೂಕಾಲ ತಿಂಗಳತನ ಇಲ್ಲಿ ಕೂಡಾಕ ಬಂದಿಲ್ರಿ ನಾ."

"ಹಂಗಾದ್ರ ದೂರಿಂದ ನೋಡ್ರಿ. ಮುಟ್ಟಿದ್ರ ಮಾತ್ರ ಒಳಗ ಬರಾಂಗಿಲ್ಲ."

ಹಿಂದಿನ ಪಡಸಾಲೆಯಿಂದ ತೋರಿಸಿದರು. ದನದ ಅಂಗಳ, ಅದರಾಚೆ ತಿಪ್ಪೆಯ ಪಕ್ಕ ತಗ್ಗು ಮಾಡಿನ ಒಂದು ಕೋಣೆ. ಬಾಗಿಲಲ್ಲಿ ಒಂದು ಕೈ ಮೇಲೆದ್ದಿತು. ನನ್ನ ತಂಗಿಯ ಕೈ. ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ದಿನವೇ ಮಠದ ಅಯ್ಯನವರು ಬಂದು ಲಿಂಗ ಕಟ್ಟಿ, ಬಾಣಂತಿಯ ಹೊರಸಿನ ಪಕ್ಕ ಕೂತು ಹಾಲು ಕುಡಿದು ಹೋಗುತ್ತಾರೆ. ಇಲ್ಲಿ ನನ್ನ ತಂಗಿಯನ್ನು ದನದ ಹಟ್ಟಿಯ ಆಚೆಯಿಂದ ನೋಡಿ ಕೈ ಬೀಸಬೇಕು. ಹಲ್ಲು ಕಚ್ಚಿ ಸುಮ್ಮನಾದೆ. ಒಂದು ದಿನಕ್ಕೆ ಅಷ್ಟೇ ನನ್ನಿಂದ ಆಗುವುದು.

ಮಾಘ ಶುದ್ಧ ಷಷ್ಠಿ. ಗಢಿ

ಬೆಳಗ್ಗೆ ದಾಲಾನದ ತುಂಬ ಜನ. ಮನ್ಮಥಪ್ಪನೊಡನೆ ಕಾಗದ ಹಿಡಿದ ಕಾರಕೂನ, ತಾಟು ಹಿಡಿದ ಭಟ್ಟ, ಇಬ್ಬರು ಕೆಲಸದವರು, ನಡುವೆ ಈರಮ್ಮನವರು. ನಾನು ನಟ್ಟನಡುವೆ ನಿಂತು, ಮೇಲಿನ ಅಟ್ಟಕ್ಕೂ ಕೇಳುವಂತೆ, "ಈರಮ್ಮನವರ, ನಾ ಹೊರಗಾಗೇನ್ರಿ" ಎಂದೆ.

ಆಗಿರಲಿಲ್ಲ. ಇನ್ನೂ ಹೊತ್ತಿತ್ತು. ಆದರೆ ಭಟ್ಟ ತಾಟು ಎತ್ತಿಕೊಂಡು ಓಡಿದ ಓಟ ನೋಡಿದ ಮೇಲೆ ಆ ಸುಳ್ಳಿಗೆ ಪಶ್ಚಾತ್ತಾಪ ಪಡಲು ಮನಸ್ಸಾಗಲಿಲ್ಲ. ಕಾರಕೂನ ಹುಜೂರರ ಪಟವನ್ನೇ ನೋಡುತ್ತ ನಿಂತ. ಕೆಲಸದವಳು ಕಸಬರಿಗೆಯ ತುದಿಯಿಂದ ದಾರಿ ತೋರಿಸಿದಳು. ಹೀಗೆ ನಾನು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಗಢಿಯವರು ನನ್ನನ್ನು ಅಟ್ಟಿದರು.

ಕೋಣೆಯಲ್ಲಿ ಕುಳ್ಳಿನ ಹೊಗೆ. ಅಂಗೈಯಷ್ಟು ಕಿಟಕಿ. ಗುಂಡಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ಅವಳ ಬೆನ್ನಿನ ಎಲುಬು ಕೈಗೆ ಸಿಕ್ಕಿತು. ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಅಳುತ್ತಿತ್ತು. ಅವಳ ಕೊರಳು ಬರಿದಾಗಿ ಕಂಡಿತು. ತಾಳಿ ಬಿದ್ದಿದೆಯೇ ಎಂದು ನೋಡಿದೆ. ತಾಳಿಯಿತ್ತು. ಲಿಂಗ ಇರಲಿಲ್ಲ.

ಹುಟ್ಟಿದ ದಿನ ಗುರು ಕಟ್ಟಿದ್ದು. ಮೈಮೇಲಿಂದ ಅಗಲುವಂತಿಲ್ಲ. ಸತ್ತರೆ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಅದರ ಪೂಜೆಯಾಗದೆ ನಾವು ತುತ್ತು ಎತ್ತುವುದಿಲ್ಲ. ಲಿಂಗ ಎಲ್ಲೆಂದು ಕೇಳಿದೆ.

"ಅತ್ತಿ ತಗಸಿದ್ರಕ್ಕ. ಅವರು ಮುಟ್ಟಾಂಗಿಲ್ಲಲ್ಲ, ಬಾಗಲದಾಗ ನಿಂತು ಕೇಶರಬಾಯಿ ಕೈಲೆ ತಗಸಿದ್ರು. ದೇವರ ಕೋಣ್ಯಾಗ ಇಡ್ತೀನಿ, ಸವಾ ತಿಂಗಳಿಗೆ ಕೊಡ್ತೀನಿ ಅಂದ್ರು."

"ಮತ್ತ ಉಣ್ಣೋದು?"

"ಪೂಜಿ ಇಲ್ದ ಹ್ಯಾಂಗ ಉಣ್ಲಕ್ಕ. ಔಷಧ ಅಂತ ಕೇಶರಬಾಯಿ ಗಂಜಿ ಕುಡಸ್ತಾಳ. ಅಷ್ಟ." ಆಮೇಲೆ ಮೆಲ್ಲಗೆ, "ಹಾಲ ಇಳಿಯವಲ್ದು" ಎಂದಳು.

ಕೇಶರಬಾಯಿ ಸೂಲಗಿತ್ತಿ, ಊರ ಹೊರಗಿನ ಕೇರಿಯವಳು. ಗಢಿಯವರು ಹಡೆದವಳನ್ನು ಮುಟ್ಟುವುದಿಲ್ಲ, ಹೊರಗಾದವಳನ್ನು ಮುಟ್ಟುವುದಿಲ್ಲ, ಕೇಶರಬಾಯಿಯನ್ನಂತೂ ಮುಟ್ಟುವ ಮಾತೇ ಇಲ್ಲ. ಹೀಗಾಗಿ ನಮ್ಮನ್ನೆಲ್ಲ ಮುಟ್ಟುವ ಕೆಲಸ ಅವಳದು. ತಿಪ್ಪೆಯ ಕಡೆಯ ಸಣ್ಣ ಬಾಗಿಲಿಂದ ಬರುತ್ತಾಳೆ, ಅದರಿಂದಲೇ ಹೋಗುತ್ತಾಳೆ.

ಸ್ವಲ್ಪ ಹೊತ್ತಿಗೆ ಈರಮ್ಮನವರು ಪಡಸಾಲೆಗೆ ಬಂದು ಅಲ್ಲಿಂದಲೇ ಕೂಗಿದರು: "ಕೇಶರೀ, ಆಕಿ ಕೊಳ್ಳಾಗಿಂದೂ ತಗಿ."

ಕೇಶರಬಾಯಿ ನನ್ನ ಕಡೆ ತಿರುಗಿದಳು. ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ಮುಂದ ಬಂದಿ ಅಂದ್ರ ಕಡಿತೀನಿ" ಎಂದೆ.

"ಬಾಯಿಸಾಬ, ಈ ಅವ್ವಾರ ಕಡಿತಾರಂತ್ರಿ. ನಂಗ ಇರೋವು ಎರಡ ಕೈ" ಎಂದು ಅವಳು ಪಡಸಾಲೆಗೆ ಕೂಗಿ ಹೇಳಿದಳು. ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

"ಈರಮ್ಮನವರ," ಎಂದೆ, "ಇದು ನನ್ನ ಜೋಡಿ ಮಣ್ಣಾಗ ಹೋಗೂದ್ರಿ. ಅಲ್ಲೀತನ ಯಾರ ಕೈಗೂ ಸಿಗೂದಲ್ಲ."

ಅವರು ಒಳಗೆ ಹೋದರು. ನಾಳೆ ಗುಂಡಮ್ಮನದನ್ನೂ ತರಿಸುತ್ತೇನೆ. ಹೇಗೆಂದು ಗೊತ್ತಿಲ್ಲ, ತರಿಸುತ್ತೇನೆ.

ಸಪ್ತಮಿ. ಅದೇ ಕೋಣೆ

ಕೇಶರಬಾಯಿ ಬೆಳಗ್ಗೆ ನನ್ನ ತಂಬಿಗೆಯಲ್ಲಿ ನೀರು ತುಂಬಿಟ್ಟಿದ್ದಳು. ಚೆಲ್ಲಿ, ಬೂದಿ ಹಚ್ಚಿ ತಿಕ್ಕಿ, ಹೊಸ ನೀರು ತುಂಬಿಕೊಂಡೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತ ನೋಡುತ್ತಿದ್ದಳು.

"ನಿಮ್ಮ ಮನ್ಯಾಗ ಸೂತಕಿಲ್ಲಂತಲ್ರಿ ಅವ್ವಾರ? ಸಣ್ಣವ್ವ ಹೇಳ್ಲತ್ತಿದ್ಲು."

"ಇಲ್ಲ. ಶರಣರು ಐದೂ ಸೂತಕ ಕಿತ್ತ ಒಗದಾರ."

"ಯಾವ ಐದ್ರಿ?"

"ಹುಟ್ಟಿಂದು. ಸಾವಿಂದು. ಮುಟ್ಟಿಂದು. ಎಂಜಲದ್ದು."

ಅವಳು ಎಣ್ಣೆಯ ಬೆರಳು ಮಡಚಿ ನೋಡಿಕೊಂಡು, "ನಾಕಾದ್ವು" ಎಂದಳು.

ಐದನೆಯದು ಜಾತಿಯದು. ಅಪ್ಪ ಕಲಿಸಿದ್ದು, ಮರೆತಿಲ್ಲ. ಅವಳೆದುರು ಹೇಳಲು ನಾಲಿಗೆ ಹೊರಳಲಿಲ್ಲ. ಒಟ್ಟಿನಲ್ಲಿ ಈ ಹೆಂಗಸಿಗೆ ಮಾತು ಹೆಚ್ಚು.

ಗುಂಡಮ್ಮ ಇವತ್ತು ಗಂಜಿಯನ್ನೂ ಅರ್ಧ ಬಿಟ್ಟಳು.

ಅಷ್ಟಮಿ

ಮನ್ಮಥಪ್ಪ ದನ ನೋಡುವ ನೆಪದಲ್ಲಿ ಅಂಗಳಕ್ಕೆ ಬಂದ. ಒಳ್ಳೆಯ ಹುಡುಗ. ಆದರೆ ತಾಯಿ ಕೆಮ್ಮಿದರೆ ಇವನು ಕೂತುಬಿಡುತ್ತಾನೆ. ಹತ್ತು ಮಾರು ದೂರ ನಿಂತು, "ಹ್ಯಾಂಗ ಅದಾಳ್ರಿ ಅಕ್ಕಾರ?" ಎಂದ.

"ಬಂದು ನ್ವಾಡ್ರಿ. ಬಾಗಲಾ ತಗದದ."

ಅವನು ಎಮ್ಮೆಯ ಬೆನ್ನು ಸವರಿದ.

"ಆಕಿ ಲಿಂಗ ಇಲ್ದ ಉಣವಲ್ಲಳು. ಕೂಸಿಗೆ ಹಾಲಿಲ್ಲ. ನಿಮ್ಮ ದೇವರ ಕೋಣ್ಯಾಗ ಅದ ಅಂತಾರ. ತಂದಕೊಡ್ರಿ. ಮುಟ್ಟೋದು ಬ್ಯಾಡ, ದೂರಿಂದ ಒಗೀರಿ, ನಾ ಸೆರಗ ಒಡ್ಡಿ ಹಿಡೀತೀನಿ."

"ಅವ್ವನ್ನ ಕೇಳಿ ತರ್ತೀನ್ರಿ."

ಅವ್ವನನ್ನು ಕೇಳಿ ತರುವುದಾದರೆ ನಾನೇ ತರುತ್ತಿದ್ದೆ. ಕತ್ತಲಾಯಿತು, ಬರಲಿಲ್ಲ.

ನವಮಿ

ಮನ್ಮಥಪ್ಪ ಈವತ್ತೂ ಬರಲಿಲ್ಲ. ಗುಂಡಮ್ಮ ಮಾತಾಡುವುದನ್ನೂ ಕಡಿಮೆ ಮಾಡಿದ್ದಾಳೆ. ಎದೆಗೆ ಹಚ್ಚಿದರೆ ಕೂಸು ಎರಡು ಸಲ ಎಳೆದು ಸಿಟ್ಟಿನಿಂದ ಬಿಡುತ್ತದೆ. ದೇವರ ಕೋಣೆಗೆ ನಾನೇ ನುಗ್ಗಿ ತರುತ್ತೇನೆಂದು ಸೆರಗು ಕಟ್ಟಿ ಎದ್ದೆ. ಬಾಗಿಲ ತನಕ ಹೋದವಳಿಗೆ ಒಂದು ಮಾತು ಹೊಳೆಯಿತು. ಗುಂಡಮ್ಮನ ಕೊರಳಿಂದ ಲಿಂಗ ತೆಗೆದದ್ದು ಕೇಶರಬಾಯಿಯ ಕೈ. ಅವಳು ಮುಟ್ಟಿದ ಕೊಡವನ್ನು ಒಡೆಯುವ ಈ ಮನೆಯವರು ಅವಳು ಮುಟ್ಟಿದ ಲಿಂಗವನ್ನು ದೇವರ ಜಗಲಿಯ ಮೇಲೆ ಇಡುತ್ತಾರೆಯೇ?

ತಿರುಗಿ ಬಂದು ಕೇಶರಬಾಯಿಯ ಎದುರು ಕೂತೆ. "ಖರೇ ಹೇಳು. ಅದು ದೇವರ ಕೋಣ್ಯಾಗ ಅದನೋ ಇಲ್ಲೋ?"

ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಅವಳ ಕೈ ನಿಂತಿತು. ಗುಂಡಮ್ಮ ಮಲಗಿದ್ದಾಳೆಯೇ ಎಂದು ನೋಡಿ, "ಇಲ್ರಿ" ಎಂದಳು.

"ಮತ್ತ ಎಲ್ಲದ?"

"ಹಾಳ ಬಾವಿಗಿ ಒಗದ ಬಾ ಅಂದಿದ್ರು ಬಾಯಿಸಾಬ. ಸವಾ ತಿಂಗಳ ಮ್ಯಾಲ ಹೊಸಾದು ಕಟ್ಟಸ್ತಾರಂತ. ಮೊದಲನೇ ಸೊಸಿದೂ ಹಿಂಗೇ ಆಗಿತ್ರಿ. ಆಕಿದು ಒಗದಿದ್ದೆ ನಾ. ಹೇಳಿದಾಂಗ ಕೇಳಿದ್ದೆ. ಆಕೀನೂ ಉಣ್ಣೋದ ಬಿಟ್ಲು, ಜ್ವರ ಬಂತು, ಇದ ಖೋಲ್ಯಾಗ ನನ್ನ ತೊಡಿ ಮ್ಯಾಲ ಹೋದ್ಲು." ಅವಳು ಮೂಗು ಒರೆಸಿಕೊಂಡಳು. "ಈ ಸಲ ಬಾವಿತನಾ ಹೋದೆ. ಕೈ ಬರ್ಲಿಲ್ರಿ."

"ಅಂದ್ರ?"

"ನನ್ನ ಗುಡಸಲ್ದಾಗ ಅದ."

ನನಗೆ ಉಸಿರು ಬಂದಂತಾಯಿತು. ಮರುಗಳಿಗೆಯೇ ಸಿಟ್ಟು. "ಇಷ್ಟ ದಿನ ಬಾಯಿ ಮುಚ್ಚಿಕೊಂಡ ಕುಂತಿದ್ದೆಲ್ಲ. ನನಗ ಹೇಳಾಕ ಏನಾಗಿತ್ತು?"

"ಹೇಳಿದ್ರ ತಗೋತಿದ್ರೇನ್ರಿ?" ಎಂದಳು. ಈ ಸಲ ನಗುತ್ತಿರಲಿಲ್ಲ. "ನನ್ನ ಕೈ ತಾಗಿದ ತಂಬಗಿ ತಿಕ್ಕಿ ತೊಳಿತೀರಿ. ಅದು ನನ್ನ ಗುಡಸಲ್ದಾಗ ಇದ್ದದ್ದು. ಅದಕ್ಕ ಏನ ಹಚ್ಚಿ ತೊಳೀತಿದ್ರಿ?"

ಮೈಯೆಲ್ಲ ಉರಿಯಿತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

"ನಾ ಗಢಿಯೊಳಗ ತರಂಗಿಲ್ರಿ" ಎಂದು ಅವಳು ಏಳುತ್ತ ಹೇಳಿದಳು. "ನನ್ನ ಕೈಯಾಗ ನೋಡಿದ್ರಂದ್ರ ಬೆನ್ನಿನ ಚರ್ಮ ಸುಲೀತಾರ. ಬೇಕಂದ್ರ ನೀವ ಬರ್ರಿ."

ದಶಮಿ

ಹೋಗಿ ಬಂದೆ.

ಬಿಸಿಲೇರುವ ಮೊದಲೇ ತಿಪ್ಪೆಯ ಬಾಗಿಲಿಂದ ಹೊರಬಿದ್ದೆ. ಅವಳು ಮುಂದೆ, ನಾನು ಹಿಂದೆ. ಕೇರಿಯ ಬಾಯಲ್ಲಿ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬ ಮುದುಕ ಹೊರಸಿನಿಂದ ಎದ್ದು ನಿಂತ. ಭಾಲ್ಕಿಯಲ್ಲಿ ನಮ್ಮ ಓಣಿಯ ಆಚೆಗೇ ಇಂಥದೊಂದು ಕೇರಿ ಇದೆ. ನಾನು ಕಾಲಿಟ್ಟಿಲ್ಲ. ಅದು ಈವತ್ತು ನೆನಪಾಯಿತು.

ಗುಡಿಸಲ ನಡುವಿನ ತೊಲೆಗೆ ಸಣ್ಣ ಬಿದಿರ ಬುಟ್ಟಿ ತೂಗಹಾಕಿದ್ದಳು, ಕೋಳಿ ಹಾರಬಾರದು, ಯಾರ ಕಾಲೂ ತಾಗಬಾರದು ಎಂದು. ಬುಟ್ಟಿಯಲ್ಲಿ ಒಗೆದ ಬಟ್ಟೆ, ಅದರೊಳಗೆ ಗುಂಡಮ್ಮನ ಕರಡಿಗೆ, ಮೇಲೊಂದು ಕಣಗಿಲ ಹೂವು.

"ದಿನಾ ಹೂವ ಬದಲಿಸೀನ್ರಿ. ಮಂತರ ಬರಂಗಿಲ್ಲ ನಂಗ" ಎಂದಳು. "ತಪ್ಪ ಆಗಿದ್ರ ನೀವ ಹೇಳಿಕೋರಿ ಅದಕ್ಕ."

ಕರಡಿಗೆ ಬಿಚ್ಚಿ ನೋಡಿದೆ. ಲಿಂಗ ಹೇಗಿತ್ತೋ ಹಾಗೆಯೇ ಇತ್ತು, ಕಪ್ಪಗೆ, ಹೊಳೆಯುತ್ತ. ಅಲ್ಲೇ ಕೂತು ಕಣ್ಣಿಗೊತ್ತಿಕೊಂಡು ಅತ್ತೆ. ಅತ್ತ ಮೇಲೆ ಬಾಯಾರಿಕೆಯಾಯಿತು. ಅವಳು ಮಣ್ಣಿನ ಕುಡಿಕೆಯಲ್ಲಿ ನೀರು ಕೊಟ್ಟಳು. ಗಢಿಯ ಬಾವಿಯ ನೀರು ಸವಳು. ಕೇರಿಯ ಸೆಲೆಯ ನೀರು ಚೆನ್ನಾಗಿದೆ, ಇನ್ನೊಂದು ಸಲ ಹಾಕಿಸಿಕೊಂಡು ಕುಡಿದೆ.

ಎಲ್ಲಿತ್ತೆಂದು ಗುಂಡಮ್ಮನಿಗೆ ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಅವಳ ಮುಖ ನೋಡಿದ ಮೇಲೆ ಎಲ್ಲ ಹೇಳಿಬಿಟ್ಟೆ. ಬಾವಿಯ ಮಾತು, ಮೊದಲಿನವಳ ಮಾತು, ಗುಡಿಸಲು. ಒಲ್ಲೆ ಎಂದಾಳೆಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಗುಂಡಮ್ಮ ಕೈ ಚಾಚಿದಳು. "ಈ ಕೂಸು ಆಕಿ ಕೈಯಾಗನ ಹುಟ್ಟೇದಕ್ಕ. ಲಿಂಗಕ್ಕ ಏನಾಗ್ತದ?"

ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ನೀರು ಹಾಕಿದೆ, ಕೇಶರಬಾಯಿ ಹೂವು ಕೊಟ್ಟಳು. ಪೂಜೆ ಮುಗಿದ ಮೇಲೆ ಕೇಶರಬಾಯಿ ಸೆರಗಿನಿಂದ ಬಿಳಿಜೋಳದ ರೊಟ್ಟಿ ತೆಗೆದಳು. ಗುಂಡಮ್ಮ ಹಾಲಿನಲ್ಲಿ ಕಿವುಚಿ ಎರಡು ರೊಟ್ಟಿ ಉಂಡಳು. ಮೂರನೆಯದನ್ನು ನಾನು ತಿಂದೆ.

ಮಾಘ ಶುದ್ಧ ದ್ವಾದಶಿ. ಸಂತಪುರದ ಧರ್ಮಶಾಲೆ

ನಿನ್ನೆ ಬರೆಯಲಿಲ್ಲ. ನಿನ್ನೆ ಗುಂಡಮ್ಮ ಉಂಡಳು, ಮಲಗಿದಳು, ಕೂಸೂ ಕುಡಿಯಿತು, ಮಲಗಿತು. ಅದರಲ್ಲಿ ಬರೆಯುವುದೇನು. ತಿಪ್ಪೆಯ ಬಾಗಿಲಿಂದ ಸದ್ದಿಲ್ಲದೆ ಭಾಲ್ಕಿಗೆ ಹೊರಟುಬಿಡೋಣ ಎಂದೆ. ಗುಂಡಮ್ಮ ತಲೆ ಅಲ್ಲಾಡಿಸಿದಳು. "ಮದಿವ್ಯಾಗಿ ದೊಡ್ಡ ಬಾಗಲಿಂದ ಬಂದೀನಕ್ಕ. ಹೋದ್ರ ಅದ ಬಾಗಲಿಂದ." ಇವಳು ನನ್ನ ತಂಗಿಯೇ ಹೌದು.

ಈವತ್ತು ಬೆಳಗ್ಗೆ ಈರಮ್ಮನವರು ಪಡಸಾಲೆಗೆ ಬಂದರು. ಗುಂಡಮ್ಮ ಬಾಗಿಲಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು, ಕೊರಳಲ್ಲಿ ಕರಡಿಗೆ. ಅವರ ಕಣ್ಣು ಅದರ ಮೇಲೆ ಬಿತ್ತು.

"ಎಲ್ಲಿಂದ ಬಂತದು?"

ದನಿ ಕೇಳಿ ಮನ್ಮಥಪ್ಪ ಬಂದ, ಭಟ್ಟ ಸೌಟು ಹಿಡಿದೇ ಬಂದ, ಕೆಲಸದವರೂ ಬಂದರು. ಕೇಶರಬಾಯಿ ಮೂಲೆಯಲ್ಲಿ ಕಲ್ಲಿನಂತೆ ನಿಂತಿದ್ದಳು. ಅವಳ ಹೆಸರು ನನ್ನ ಬಾಯಿಂದ ಬಂದರೆ ಅವಳ ಕತೆ ಮುಗಿಯುತ್ತಿತ್ತು.

"ನೀವ ಹೇಳಿದ್ರೆಲ್ರಿ, ದೇವರ ಕೋಣ್ಯಾಗ ಅದ ಅಂತ. ಅಲ್ಲಿಂದನ ತಂದೆ."

"ಏನಂದಿ?"

"ಭಟ್ಟರು ಮಧ್ಯಾನ ಮಲಗಿದ್ರು. ಒಳಗ ಹೋದೆ. ಜಗಲಿ ಮ್ಯಾಲಿತ್ತು, ತಗೊಂಡೆ. ನಾ ಹೊರಗಾದಾಕಿ, ಬಾಣಂತಿ ಮುಟ್ಟಿದಾಕಿ. ಹಂಗ ಹೋದೆ, ಹಂಗ ಬಂದೆ."

ಭಟ್ಟನ ಕೈಯಿಂದ ಸೌಟು ಬಿತ್ತು. ಈರಮ್ಮನವರ ಮುಖ ಕೆಂಪಾಯಿತು. "ಸುಳ್ಳ ಹೇಳ್ತಾಳ. ಅದು ಅಲ್ಲಿ ಇರ್ಲಿಲ್ಲ."

"ಇರ್ಲಿಲ್ರಿ? ಮತ್ತ ಎಲ್ಲಿತ್ತು?"

ಅವರು ಕೇಶರಬಾಯಿಯ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಆದರೆ ಅವಳ ಮೇಲೆ ಹೊರಿಸಬೇಕಾದರೆ ಬಾವಿಗೆ ಒಗೆಯಲು ತಾವೇ ಹೇಳಿದ್ದನ್ನು ಮಗನೆದುರು ಒಪ್ಪಬೇಕು.

"ಅವ್ವಾ," ಎಂದ ಮನ್ಮಥಪ್ಪ, "ಎಲ್ಲಿಟ್ಟಿದ್ದಿ ಅದನ್ನ?" ಅವನು ತಾಯಿಯನ್ನು ಪ್ರಶ್ನೆ ಕೇಳಿದ್ದನ್ನು ಆ ಗಢಿ ಈವತ್ತೇ ಮೊದಲು ಕೇಳಿರಬೇಕು.

ಈರಮ್ಮನವರು ನನ್ನ ಕಡೆ ಬೆರಳು ತೋರಿಸಿ, "ದೇವರ ಕೋಣಿ ಕೆಡಿಸಿದಾಕಿ. ಹೊರಗ ಹಾಕ್ರಿ ಈಕೀನ್ನ" ಎಂದರು.

"ಯಾರ ಹಾಕ್ತೀರಿ? ಬರ್ರಿ" ಎಂದೆ.

ಯಾರೂ ಬರಲಿಲ್ಲ. ನನ್ನನ್ನು ಹೊರಗೆ ಹಾಕಬೇಕಾದರೆ ಮುಟ್ಟಬೇಕಲ್ಲ. ಗುಂಡಮ್ಮ ಕೂಸನ್ನೆತ್ತಿಕೊಂಡು ಎದ್ದಳು. ನೆಟ್ಟಗೆ ಅಂಗಳ ದಾಟಿ ಪಡಸಾಲೆ ಹತ್ತಿದಳು. ಜನ ಎರಡು ಬದಿಗೆ ಸರಿದರು, ಗೋಡೆಗೆ ಬೆನ್ನು ಹಚ್ಚಿದರು. ಹಸಿ ಬಾಣಂತಿ ಮೈಲಿಗೆಯ ಮೈಯಲ್ಲಿ ಗಿಳಿ ಕೆತ್ತಿದ ಕಂಬಗಳ ನಡುವೆ, ಹುಜೂರರ ಪಟದ ಮುಂದೆ ಹಾದು ಹೋಗುತ್ತಿದ್ದಳು. ನಾನು ಹಿಂದೆ.

"ಕೂಸು ಎಲ್ಲಿಗಿ? ಅದು ಈ ಮನಿ ವಾರಸು" ಎಂದು ಈರಮ್ಮನವರು ಕೂಗಿದರು. "ಕೇಶರೀ, ಕೂಸಿನ್ನ ಕಸಕೋ."

ಕೇಶರಬಾಯಿ ನಮ್ಮ ಬೆನ್ನಿಗೇ ಬರುತ್ತಿದ್ದಳು. ಆ ದಾಲಾನದ ನೆಲವನ್ನು ಅವಳು ತುಳಿದದ್ದು ಅದೇ ಮೊದಲು. "ಕಸಕೋತೀನ್ರಿ ಬಾಯಿಸಾಬ. ಕಸಕೊಂಡ ಮ್ಯಾಲ ನನ್ನ ಕೈಯಾಗಿಂದ ಯಾರ ತಗೋತೀರಿ? ನೀವು ತಗೋತೀರೇನು?"

ಈರಮ್ಮನವರ ಕೈ ಒಮ್ಮೆ ಮುಂದೆ ಬಂತು. ನಾನು ಕಣ್ಣಾರೆ ಕಂಡೆ. ಮತ್ತೆ ಸೆರಗಿನೊಳಗೆ ಹೋಯಿತು.

ಮನ್ಮಥಪ್ಪ ಚೌಕದ ಮೆಟ್ಟಿಲಲ್ಲಿ ನಿಂತಿದ್ದ. ಗುಂಡಮ್ಮ ಅವನ ಮುಂದೆ ಹೋಗುವಾಗ ನಿಲ್ಲದೆಯೇ, "ಮುಟ್ಟೋ ಧೈರ್ಯ ಬಂದ ಮ್ಯಾಲ ಭಾಲ್ಕಿಗೆ ಬರ್ರಿ" ಎಂದಳು.

ದೊಡ್ಡ ಬಾಗಿಲಲ್ಲಿ ನಿಜಾಮೋದ್ದೀನ. ಒಳಗಿನಿಂದ ತಡೆಯಿರಿ ಎಂಬ ಕೂಗು ಬರುತ್ತಿತ್ತು. ಗಢಿಯ ಹೆಣ್ಣುಮಕ್ಕಳು ಹಾಯುವಾಗ ಕಾವಲಿನವರು ಗೋಡೆಗೆ ಮುಖ ಮಾಡಬೇಕು, ಅದು ಈರಮ್ಮನವರದೇ ಕಟ್ಟಳೆ. ಮುದುಕ ಬಂದೂಕು ಕೆಳಗಿಟ್ಟು ಗೋಡೆಗೆ ಮುಖ ಮಾಡಿದ. "ಖುದಾ ಹಾಫಿಜ್ ಬೇಟಿ" ಎಂದು ಕಲ್ಲಿಗೆ ಹೇಳಿದ.

ನಿನ್ನೆಯೇ ಹೇಳಿಕಳಿಸಿದ್ದರಿಂದ ಮಚ್ಛೇಂದ್ರ ಎತ್ತು ಹೂಡಿ ನಿಂತಿದ್ದ. ಕೇಶರಬಾಯಿ ಬಂಡಿಯ ಹಿಂದೆ ನಡೆಯತೊಡಗಿದಳು. ಅವಳನ್ನು ಅಲ್ಲಿ ಬಿಟ್ಟರೆ ಸಂಜೆಯೊಳಗೆ ಬಾರುಕೋಲು ಬೀಳುತ್ತಿತ್ತು. "ಮ್ಯಾಲ ಹತ್ತು" ಎಂದೆ. ಹತ್ತಲಿಲ್ಲ. ಸಿಟ್ಟು ಬಂದು ರಟ್ಟೆ ಹಿಡಿದು ಎಳೆದು ಕೂರಿಸಿದೆ. ಇಕ್ಕಟ್ಟಿನ ಬಂಡಿ, ಸಂತಪುರದವರೆಗೂ ಅವಳ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು.

ಮಾಘ ಬಹುಳ ಷಷ್ಠಿ. ಭಾಲ್ಕಿ

ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಕೇಶರಬಾಯಿ ಯಾರು, ಎಲ್ಲಿಯವಳು ಎಂದು ಕೇಳಿದರು, ಹೇಳಿದೆ. ಕೇಳಿಯೂ ಹಾಲು ಕುಡಿದರು. ಅವಳು ಬಾಣಂತಿ ಕೋಣೆಯಲ್ಲೇ ಮಲಗುತ್ತಾಳೆ. ಗೊರಕೆ ಹೊಡೆಯುತ್ತಾಳೆ. ಒಲೆಯ ಮುಂದೆ ಕೂತರೆ ನನ್ನ ಸಾರಿಗೆ ಖಾರ ಸಾಲದೆಂದು ಕೊಂಕು ತೆಗೆಯುತ್ತಾಳೆ, ಇಬ್ಬರಿಗೂ ದಿನಕ್ಕೆರಡು ಜಗಳ.

ಓಣಿಯ ಹೆಂಗಸರು ಕೂಸು ನೋಡಲು ಬರುವುದನ್ನು ನಿಲ್ಲಿಸಿದ್ದಾರೆ. "ಮಂದಿ ಮಾತಾಡ್ಲತ್ತಾರ" ಎಂದು ನಮ್ಮವರು ಸಂಕೋಚದಿಂದ ಹೇಳಿದರು. "ಮಾತಾಡ್ಲಿ. ಬಟ್ಟಿ ಬೇಕಾದ್ರ ನಿಮ್ಮ ಅಂಗಡಿಗೇ ಬರ್ತಾರ" ಎಂದೆ. ಈ ಮಂದಿಗೆ ಏನಾಗಿದೆಯೋ ನನಗಂತೂ ತಿಳಿಯುವುದಿಲ್ಲ.

ಈವತ್ತು ಮಧ್ಯಾಹ್ನ ಮನ್ಮಥಪ್ಪ ಬಂದ. ಒಬ್ಬನೇ, ಕುದುರೆಯ ಮೇಲೆ, ಧೂಳು ಮೆತ್ತಿಕೊಂಡು. ಹೊಸಲಿನ ಆಚೆ ನಿಂತ. ಕುದುರೆ ನೋಡಿ ಎದುರು ಮನೆಯವರು, ಪಕ್ಕದ ಮನೆಯವರು ಬಾಗಿಲಿಗೆ ಬಂದರು.

"ಅವ್ವ ಕರಕೊಂಡ ಬಾ ಅಂದಾಳ" ಎಂದ.

ಗುಂಡಮ್ಮ ಕೂಸನ್ನೆತ್ತಿಕೊಂಡು ಪಡಸಾಲೆಗೆ ಬಂದಳು. ಮೈ ತುಂಬಿಕೊಂಡಿದ್ದಾಳೆ ಈಗ. "ಆ ಖೋಲಿ ಅದನೋ, ಕೆಡವೀರೋ?"

"ಅದ."

"ಅದ ಇರೋತನ ನಾ ಬರಾಂಗಿಲ್ರಿ."

ಅವನು ತಲೆ ತಗ್ಗಿಸಿದ. ಹೊರಟ ಎಂದುಕೊಂಡೆ. ಹೋಗಲಿಲ್ಲ. "ಅವ್ವನ್ನ ಕೇಳಿದೆ ನಾ. ಮೊದಲಿನಾಕಿದು ಎಲ್ಲಿ ಹೋತು ಅಂತನೂ ಕೇಳಿದೆ" ಎಂದ. "ಕೆಡವಸ್ತೀನಿ. ಕೂಸಿನ್ನ ಒಮ್ಮೆ ಕೊಡು."

ಗುಂಡಮ್ಮ ಅವನಿಗೆ ಕೊಡಲಿಲ್ಲ. ತಿರುಗಿ ಕೇಶರಬಾಯಿಯ ಕೈಗೆ ಕೊಟ್ಟಳು. "ಆಕಿ ಕೈಯಾಗಿಂದ ತಗೋರಿ."

ನಾನು ನಡುವೆ ಬಾಯಿ ಹಾಕಲಿಲ್ಲ, ನಮ್ಮವರು ಬೇಕಾದರೆ ಸಾಕ್ಷಿ ಹೇಳುತ್ತಾರೆ. ಕೇಶರಬಾಯಿ ಹೊಸಲಿನ ತನಕ ಹೋಗಿ ಕೂಸನ್ನು ಮುಂದೆ ಹಿಡಿದಳು. ಮನ್ಮಥಪ್ಪ ಒಮ್ಮೆ ಎದುರು ಮನೆಯ ಬಾಗಿಲ ಕಡೆ ನೋಡಿದ. ಚಪ್ಪಲಿ ಕಳಚಿ ಹೊಸಲು ದಾಟಿದ, ಎರಡೂ ಕೈ ಚಾಚಿದ.

"ತಲಿ ಹಿಡೀರಿ ಧಣ್ಯಾರ, ತಲಿ" ಎಂದು ಕೇಶರಬಾಯಿ ಓಣಿಗೆಲ್ಲ ಕೇಳುವಂತೆ ಗದರಿದಳು. "ಹಸಗೂಸಿನ್ನ ಹಿಂಗೇನ ಹಿಡಿಯೋದು?" ಅವನ ಎಡಗೈಯನ್ನು ತನ್ನ ಕೈಯಿಂದಲೇ ಹಿಡಿದು ಎತ್ತಿ ಕೂಸಿನ ತಲೆಯ ಕೆಳಗೆ ಸರಿಯಾಗಿ ಇಟ್ಟಳು.